ಕೊಠಡಿಗಿಂತ ಮೊದಲು ಮೇಷ್ಟ್ರನ್ನು ಕೊಡಿ

ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,



ಮುಂದಿನ ವರ್ಷದ ಕ್ರಿಯಾಯೋಜನೆಗೆ ಸಹಿ ಹಾಕುವ ಮುನ್ನ ದಯವಿಟ್ಟು ಈ ಪತ್ರ ಓದಿ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸಿಕೊಳ್ಳುವ ಮಗುವಿಗೆ ಆ ಯೋಜನೆಯಲ್ಲಿ ಮೊದಲ ಜಾಗ ಕೊಡಿ. ನನ್ನ ಬೇಡಿಕೆ ಇಷ್ಟೆ.

ಹಣದ ಕೊರತೆಯ ಮಾತು ಈಗ ನಡೆಯದು. 2024-25ರ ಬಜೆಟ್‌ನಲ್ಲೂ 2025-26ರ ಬಜೆಟ್‌ನಲ್ಲೂ ಮಂಡಳಿಗೆ ತಲಾ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಹೋರಾಟಗಾರ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಗಿಳಿದು ಕೇಳಿದ್ದು ಹಿಂದುಳಿದ ನಮ್ಮ ಭಾಗಕ್ಕೆ ಇಂಥ ವಿಶೇಷ ನೆರವಿನ ಹಕ್ಕನ್ನೇ. ಕಲಬುರಗಿಯಲ್ಲಿ 371 ಹಾಸಿಗೆಗಳ ಜಯದೇವ ಆಸ್ಪತ್ರೆ ಎದ್ದು ನಿಂತಿದೆ. ಎದೆನೋವು ಬಂದರೆ ಸೊಲ್ಲಾಪುರ, ಹೈದರಾಬಾದಿನ ದಾರಿ ಹಿಡಿಯುತ್ತಿದ್ದ ಜನರಿಗೆ ಅದು ದೊಡ್ಡ ಆಸರೆ. ಮನಸ್ಸು ಮಾಡಿದರೆ ನಮ್ಮ ಭಾಗದಲ್ಲೂ ಕೆಲಸ ಆಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ತಲೆ ತಗ್ಗಿಸುವವರೂ ನಾವೇ. 2024ರಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆ. 2025ರಲ್ಲಿ ಆ ಸ್ಥಾನ ಕಲಬುರಗಿಯ ಪಾಲಾಯಿತು, ತೇರ್ಗಡೆ ಶೇ 42.43. ಅಂದರೆ ಪರೀಕ್ಷೆ ಬರೆದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಪಾಸು. ಇದು ಹೊಸದೇನಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವು, ಅಂದರೆ ನಮ್ಮ ಭಾಗದವೇ. ಆ ವರದಿ ಬಂದಾಗ ಅಂಗನವಾಡಿಯಲ್ಲಿದ್ದ ಮಕ್ಕಳು ಈಗ ತಮ್ಮ ಮಕ್ಕಳನ್ನು ಅದೇ ಊರಿನ ಶಾಲೆಗೆ ಕಳಿಸುತ್ತಿದ್ದಾರೆ.

ನಪಾಸಾಗುವ ಈ ಮಕ್ಕಳು ದಡ್ಡರಲ್ಲ. ದಸರಾ ಮುಗಿಯುತ್ತಿದ್ದಂತೆ ಯಾದಗಿರಿ, ರಾಯಚೂರು ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸುವ ಕೆಲಸ ಶುರುವಾಗುತ್ತದೆ. ಬೆಳಗಾಗುವಷ್ಟರಲ್ಲಿ ಟಂಟಂಗಳಲ್ಲಿ ಹೆಂಗಸರ ಜೊತೆ ಕಿಕ್ಕಿರಿದು ಹೋಗುವ ಹುಡುಗಿಯರಲ್ಲಿ ಎಷ್ಟೋ ಮಂದಿಯ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿರುತ್ತದೆ. ಹತ್ತಿ ಮುಗಿದರೆ ಮೆಣಸಿನಕಾಯಿ. ತೊಗರಿ ರಾಶಿ ಆದ ಮೇಲೆ ಗುಳೆ: ತಾಂಡಾಗಳಲ್ಲಿ, ಒಣಬೇಸಾಯದ ಊರುಗಳಲ್ಲಿ ಮನೆಗೆ ಬೀಗ ಬೀಳುತ್ತದೆ. ಗಂಡ ಹೆಂಡತಿ ಬೆಂಗಳೂರು, ಪುಣೆ, ಮುಂಬೈಗೆ ಹೊರಟರೆ ಮಕ್ಕಳೂ ಗಂಟುಮೂಟೆಯ ಜೊತೆ ಹೊರಡಬೇಕು. ಅಜ್ಜ ಅಜ್ಜಿಯ ಹತ್ತಿರ ಉಳಿದ ಮಗುವಿಗೂ ಪುಸ್ತಕ ತೆಗೆದು ಕೂರು ಎನ್ನುವವರು ಮನೆಯಲ್ಲಿಲ್ಲ. ಪಾಠ ಜೋರಾಗಿ ನಡೆಯಬೇಕಾದ ತಿಂಗಳುಗಳೆಲ್ಲ ಹೀಗೆ ಕಳೆದ ಮೇಲೆ ಮಾರ್ಚಿನಲ್ಲಿ ಪರೀಕ್ಷೆ ಬಂದು ನಿಲ್ಲುತ್ತದೆ. ಕೊನೆಯ ಎರಡು ತಿಂಗಳ ವಿಶೇಷ ತರಗತಿ ಈ ನಷ್ಟವನ್ನು ತುಂಬಿಕೊಡಲಾರದು.

ಗುಳೆ ಹೋಗುವ ಊರುಗಳ ಪಟ್ಟಿಯನ್ನು ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಪಿಡಿಒಗಳು ಒಂದು ವಾರದಲ್ಲಿ ಮಾಡಿಕೊಡಬಲ್ಲರು. ಆ ಊರುಗಳಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಹಂಗಾಮಿ ವಸತಿ ನಿಲಯ ತೆರೆಯಿರಿ. ಹೊಸ ಕಟ್ಟಡಕ್ಕೆ ಟೆಂಡರ್ ಕರೆಯುತ್ತ ಕೂರಬೇಡಿ. ಇರುವ ಶಾಲೆ, ಸಮುದಾಯ ಭವನ ಸಾಕು. ಎರಡು ಹೊತ್ತಿನ ಊಟ, ರಾತ್ರಿ ಮಕ್ಕಳ ಜೊತೆ ಇರುವ ಒಬ್ಬ ಮೇಲ್ವಿಚಾರಕಿ, ಹುಡುಗಿಯರಿಗೆ ನೀರಿರುವ ಶೌಚಾಲಯ, ಇಷ್ಟಿದ್ದರೆ ತಾಯಂದಿರು ಧೈರ್ಯವಾಗಿ ಮಕ್ಕಳನ್ನು ಬಿಟ್ಟುಹೋಗುತ್ತಾರೆ.

‘ಅಕ್ಷರ ಆವಿಷ್ಕಾರ’ ಕಾರ್ಯಕ್ರಮದ ಹೆಸರಿನಲ್ಲಿ ಶಿಕ್ಷಣಕ್ಕೆ ಒತ್ತು ಕೊಟ್ಟಿದ್ದೀರಿ, ಒಳ್ಳೆಯದು. ಒಂದು ನಿಯಮವನ್ನು ಅದಕ್ಕೆ ಸೇರಿಸಿ: ಗಣಿತ, ವಿಜ್ಞಾನ, ಇಂಗ್ಲಿಷ್ ಹೇಳಿಕೊಡುವವರು ಇಲ್ಲದ ಪ್ರೌಢಶಾಲೆಗೆ ಹೊಸ ಕೊಠಡಿ ಮಂಜೂರು ಮಾಡುವ ಮುನ್ನ ಅಲ್ಲಿಗೆ ಮೇಷ್ಟ್ರು ಬರಬೇಕು. ಅತಿಥಿ ಶಿಕ್ಷಕರು ಜೂನ್ ಮೊದಲ ವಾರವೇ ತರಗತಿಯಲ್ಲಿರಬೇಕು, ಗೌರವಧನ ತಿಂಗಳು ತಿಂಗಳು ಸಿಗಬೇಕು. ಕಾಯಂ ಹುದ್ದೆ ತುಂಬುವುದು ಸರ್ಕಾರದ ಕೆಲಸ ಎಂದು ನೀವು ಹೇಳಬಹುದು. ನಿಜ. ಆದರೆ ಸರ್ಕಾರವನ್ನು ಬೆನ್ನುಹತ್ತಿ ಕೇಳುವ ಅಧಿಕಾರ ಈ ಭಾಗದಲ್ಲಿ ನಿಮಗಿರುವಷ್ಟು ಇನ್ಯಾರಿಗಿದೆ?

ಮಂಡಳಿಯ ಕೆಲಸದ ವರದಿ ಪ್ರತಿವರ್ಷ ವಿಧಾನಸಭೆಯ ಮುಂದೆ ಬರಬೇಕೆಂದು ಸಂವಿಧಾನದ 371ಜೆ ವಿಧಿಯೇ ಹೇಳುತ್ತದೆ. ಬರುವ ವರದಿಯಲ್ಲಿ ಎಷ್ಟು ಕೋಟಿ ಖರ್ಚಾಯಿತು, ಎಷ್ಟು ಕಾಮಗಾರಿ ಮುಗಿಯಿತು ಎಂಬುದರ ಪಕ್ಕದಲ್ಲೇ, ಅಕ್ಟೋಬರ್‌ನಲ್ಲಿ ಶಾಲೆಯಲ್ಲಿದ್ದ ಮಕ್ಕಳಲ್ಲಿ ಎಷ್ಟು ಮಂದಿ ಫೆಬ್ರವರಿಯಲ್ಲೂ ಇದ್ದರು ಎಂಬ ಲೆಕ್ಕ ತಾಲ್ಲೂಕುವಾರು ಇರಲಿ. ದೇವದುರ್ಗದ, ಸುರಪುರದ, ಚಿಂಚೋಳಿಯ ಜನ ಅದನ್ನು ಓದಿ ನಿಮ್ಮನ್ನು ಪ್ರಶ್ನೆ ಕೇಳುವಂತಾಗಲಿ.

ವಸತಿ ನಿಲಯಗಳು ದಸರಾ ಹೊತ್ತಿಗೆ ಬಾಗಿಲು ತೆರೆಯಬೇಕಾದರೆ ಆದೇಶ ಜೂನ್‌ಗೆ ಮೊದಲೇ ಹೊರಡಬೇಕು. ದಯವಿಟ್ಟು ತಡಮಾಡಬೇಡಿ.

ಇಂತಿ,
ಕಲ್ಯಾಣ ಕರ್ನಾಟಕದ ಒಬ್ಬ ನಾಗರಿಕ