ದೂರದ ಒಡೆಯ, ಮನೆ ಬಾಗಿಲಿನ ಸಾಲ



ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಸುತ್ತ ಯಾವ ರಸ್ತೆ ಹಿಡಿದರೂ ಈಗ ಹೋಂಸ್ಟೇ ಬೋರ್ಡು ಕಾಣುತ್ತದೆ. ಮನೆ ಇಲ್ಲಿ, ಎಷ್ಟೋ ಕಡೆ ಒಡೆಯ ಮಾತ್ರ ಬೆಂಗಳೂರಿನಲ್ಲಿ. ಬುಕಿಂಗ್ ಫೋನಿನಲ್ಲಿ, ಗೇಟಿಗೆ ಕ್ಯಾಮೆರಾ. ಇದನ್ನು ನೋಡಿ ನಮ್ಮ ಮಕ್ಕಳೂ ಅಲ್ಲಿಂದಲೇ ಫೋನು ಮಾಡುತ್ತಾರೆ: "ಅಪ್ಪಾ, ಹಳೇ ಮನೆ ಸುಮ್ನೆ ಬಿದ್ದಿದೆ. ಜಮೀನಿನ ಮೇಲೆ ಸಾಲ ತೆಗೆದು ಮೂರು ರೂಮು ಮಾಡ್ಸೋಣ. ನಾನು ಇಲ್ಲಿಂದ್ಲೇ ನೋಡ್ಕೋತೀನಿ."

ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ಲೆಕ್ಕ ಹಾಕಿ. ಮನೆ ರಿಪೇರಿಗೆ 20 ಲಕ್ಷ ಸಾಲ, ನೂರಕ್ಕೆ 10ರ ಬಡ್ಡಿ ಎಂದಿಟ್ಟುಕೊಳ್ಳಿ. ಮೂರು ರೂಮು, ರಾತ್ರಿಗೆ ತಲಾ 2,500 ರೂಪಾಯಿ, ವರ್ಷಕ್ಕೆ 100 ರಾತ್ರಿ ತುಂಬಿದರೆ ಏಳೂವರೆ ಲಕ್ಷ. ಕೇಳಲು ಚೆನ್ನಾಗಿದೆ. ಬುಕಿಂಗ್ ಕಂಪನಿ ನೂರಕ್ಕೆ 15 ಹಿಡಿದರೆ 1,12,500 ಹೋಯಿತು. ನೋಡಿಕೊಳ್ಳುವವನಿಗೆ ತಿಂಗಳಿಗೆ 15,000ದಂತೆ 1,80,000. ಊಟ, ಬಟ್ಟೆ ಒಗೆತ, ಕರೆಂಟು, ರಿಪೇರಿ ಎಲ್ಲಾ ಸೇರಿ ಎರಡೂವರೆ ಲಕ್ಷ. ಬ್ಯಾಂಕಿಗೆ ಬಡ್ಡಿ ಎರಡು ಲಕ್ಷ. ಒಡೆಯನ ಕೈಗೆ ಉಳಿದದ್ದು 7,500 ರೂಪಾಯಿ! ಹಾಗಾದರೆ ಅಸಲು ತೀರಿಸೋದು ಎಲ್ಲಿಂದ? ಕಾಫಿ, ಮೆಣಸು ಮಾರಿದ ಹಣದಿಂದ ತಾನೆ?

ಇದು ಎಲ್ಲ ಸರಿಯಿದ್ದ ವರ್ಷದ ಲೆಕ್ಕ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡ ಜರಿದಾಗ, 2020ರಲ್ಲಿ ಕೊರೊನಾ ಬಂದು ದೇಶಕ್ಕೇ ಬೀಗ ಬಿದ್ದಾಗ, ರೂಮುಗಳು ಖಾಲಿ ಬಿದ್ದವು. ಗುಡ್ಡ ಜರಿಯಿತೆಂದು ಬಡ್ಡಿ ನಿಲ್ಲುತ್ತದೆಯೇ?

ಇನ್ನು ದೂರದಿಂದ ನೋಡಿಕೊಳ್ಳುವ ಮಾತು. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲ, ಪಂಪು ಕೆಟ್ಟಿದೆ, ಹೆಂಚು ಸೋರುತ್ತಿದೆ, ರಾತ್ರಿ ಹನ್ನೊಂದಕ್ಕೆ ಬಂದವರು ಕುಡಿದು ಗಲಾಟೆ ಎಬ್ಬಿಸಿದ್ದಾರೆ. ಕ್ಯಾಮೆರಾ ಎಲ್ಲವನ್ನೂ ತೋರಿಸುತ್ತದೆ, ಆದರೆ ಹೆಂಚು ಹೊದಿಸುವುದಿಲ್ಲ. ಎದ್ದು ಬರಬೇಕಾದವನು ಪಕ್ಕದ ಮನೆಯ ಬಡಪಾಯಿಯೇ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಹೋಂಸ್ಟೇ ಯೋಜನೆಯಲ್ಲೂ ಒಡೆಯ ಸಂಸಾರ ಸಮೇತ ಅದೇ ಮನೆಯಲ್ಲಿ ವಾಸವಿರಬೇಕು ಎಂಬ ನಿಯಮವಿದೆ. ಒಡೆಯನಿಲ್ಲದ ಮನೆಯನ್ನು ಹೋಂಸ್ಟೇ ಅನ್ನೋದಾದರೂ ಹೇಗೆ?

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಅಂತಾರೆ ಹಿರಿಯರು. ಈ ಗಾದೆಯ ಮೊದಲ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ದುಡಿಮೆ ಆಳಿನದು, ಲಾಭ ಒಡೆಯನದು ಎಂದಾದಾಗ ಹಾಳಾಗುತ್ತದೆ. ತಪ್ಪು ಆಳಿನದಲ್ಲ, ಪಾಲಿಲ್ಲದ ವ್ಯವಸ್ಥೆಯದು.

ನನ್ನ ಪರಿಚಯದ ಒಬ್ಬ ರೈತ ಸಾಲ ತೀರಿಸಲು ಎರಡು ಎಕರೆ ಮಾರಿದ. ಕೊಂಡವರು ಅಲ್ಲಿ ಕಾಟೇಜು ಕಟ್ಟಿದರು, ಇವನನ್ನೇ ಗೇಟು ಕಾಯಲು ಇಟ್ಟುಕೊಂಡರು. ಅವನಜ್ಜ ನೆಟ್ಟ ಹಲಸಿನ ಮರದ ಹಣ್ಣು ಕೀಳಲು ಈಗ ಅವನು ಬೆಂಗಳೂರಿಗೆ ಫೋನು ಮಾಡಿ ಅಪ್ಪಣೆ ಕೇಳಬೇಕು.

1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಜಾರಿಗೆ ಬಂದಾಗ, ಊರಿನಲ್ಲಿಲ್ಲದೆ ಗೇಣಿ ತಿನ್ನುವ ಒಡೆತನ ಮುಗಿಯಿತೆಂದು ನಾವು ನಂಬಿದ್ದೆವು. 2020ರಲ್ಲಿ ಸರ್ಕಾರ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಬೇಸಾಯಗಾರರಲ್ಲದವರಿಗೂ ಹೊಲ ಕೊಳ್ಳಲು ದಾರಿ ಬಿಟ್ಟಿತು. ಹೊರಗೆ ಹೋದ ಒಡೆಯ ಈಗ ಫೋನಿನೊಳಗಿಂದ ವಾಪಸು ಬರುತ್ತಿದ್ದಾನೆ.

ಹೋಂಸ್ಟೇ ಬೇಡವೆಂದು ನಾನು ಹೇಳುತ್ತಿಲ್ಲ. ಮಾಡುವುದಾದರೆ ಮನೆಯಲ್ಲಿದ್ದು ಮಾಡಿ, ಇರುವ ಒಂದು ಕೋಣೆಯಿಂದ ಶುರು ಮಾಡಿ. ಆಗ ಆ 1,80,000 ನಿಮ್ಮ ಮನೆಯಲ್ಲೇ ಉಳಿಯುತ್ತದೆ. ದೂರವಿರುವ ಮಗ ಬುಕಿಂಗ್ ನೋಡಲಿ, ಸಾಲಕ್ಕೆ ಅವನ ಸಂಬಳ ಹೊಣೆಯಾಗಲಿ, ನಿಮ್ಮ ಪಹಣಿಯಲ್ಲ. ಬೇರೆಯವರ ಮನೆ ನೋಡಿಕೊಳ್ಳುತ್ತಿದ್ದರೆ ಬರೀ ಸಂಬಳಕ್ಕೆ ಒಪ್ಪಬೇಡಿ, ಆದಾಯದಲ್ಲಿ ಪಾಲು ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ನೆಲ ಮಾತ್ರ ಮಾರಬೇಡಿ.

ನೆಂಟರು ಬಂದು ಹೋಗಲಿ. ಮನೆಯ ಬೀಗದ ಕೈ ನಮ್ಮ ಸೊಂಟದಲ್ಲೇ ಇರಲಿ.