ಕೇಳಿದಾಗ ಮೌನ, ಮುಗಿದ ಮೇಲೆ ಗದ್ದಲ



2025ರಲ್ಲಿ ರಾಜ್ಯ ಸರ್ಕಾರವು ಎಸ್.ಎಸ್.ಎಲ್.ಸಿ. ಹಾಗೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳ ತೇರ್ಗಡೆಯ ಮಿತಿಯನ್ನು ಶೇಕಡಾ 35ರಿಂದ 33ಕ್ಕೆ ಇಳಿಸಿತು. ಇಳಿಸುವ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳಲಾಗಿತ್ತು. ಬಂದ ಪತ್ರಗಳಲ್ಲಿ 700ಕ್ಕೂ ಹೆಚ್ಚು ಪರವಾಗಿದ್ದವು, ವಿರೋಧವಾಗಿದ್ದವು ಕೇವಲ 8 ಎಂದು ಶಿಕ್ಷಣ ಸಚಿವರು ತಿಳಿಸಿದರು. ವರ್ಷವೊಂದಕ್ಕೆ 8 ಲಕ್ಷದಷ್ಟು ಮಕ್ಕಳು ಬರೆಯುವ ಪರೀಕ್ಷೆಯ ವಿಷಯದಲ್ಲಿ ನಾಡು ಆಡಿದ ಮಾತು ಇಷ್ಟೇ!

ನಿರ್ಧಾರ ಹೊರಬಿದ್ದ ಮೇಲೆ ಮಠಕ್ಕೆ ಬಂದವರಲ್ಲಿ "ಮಕ್ಕಳನ್ನು ಹಾಳುಗೆಡವಿದರು ಬುದ್ಧೀ" ಎಂದು ಹಲುಬದವರೇ ವಿರಳ. ತಾವು ಪತ್ರ ಬರೆದಿದ್ದಿರಾ ಎಂದು ಕೇಳಿದರೆ, ಕೇಳಿದ್ದೇ ಗೊತ್ತಾಗಲಿಲ್ಲವೆಂಬ ಉತ್ತರ. ಅವರನ್ನು ಹಳಿಯುವ ಅಧಿಕಾರ ನಮಗಿಲ್ಲ. ನಾವೂ ಬರೆದಿರಲಿಲ್ಲ.

ಮಠಗಳಿಗೆ ಬರೆಯಲು ಬಾರದೆಂದಲ್ಲ. 2022ರಲ್ಲಿ ಒಂಬತ್ತನೆಯ ತರಗತಿಯ ಪಠ್ಯದಲ್ಲಿ ಬಸವಣ್ಣನವರ ಪಾಠವನ್ನು ಪರಿಷ್ಕರಿಸಿದ ರೀತಿಗೆ ನಾಡಿನ ಅನೇಕ ಮಠಾಧೀಶರು ಆಕ್ಷೇಪವೆತ್ತಿದರು. ಸರ್ಕಾರ ತಿದ್ದಲು ಒಪ್ಪಿತು. ಆ ಆಕ್ಷೇಪ ನ್ಯಾಯವಾದುದೇ. ಆದರೆ ಅದೇ ಪುಟವನ್ನು ತಡವರಿಸದೆ ಓದಲು ಬಾರದೆ ಒಂಬತ್ತನೆಯ ತರಗತಿಗೆ ಬಂದು ಕುಳಿತ ಮಗುವಿನ ಪರವಾಗಿ ನಮ್ಮ ಮಠದಿಂದ ಎಷ್ಟು ಪತ್ರಗಳು ಹೋದವು? ಒಂದೂ ಇಲ್ಲ. ಬಸವಣ್ಣನವರ ಹೆಸರಿಗೆ ಕುಂದು ಬಂದಾಗ ಎದ್ದು ನಿಲ್ಲುವ ನಾವು, ಅವರ ಮಾತನ್ನು ಓದಲಾರದ ಮಗುವನ್ನು ಕಂಡು ಸುಮ್ಮನಿರುವುದು ಯಾವ ನಿಷ್ಠೆ?

ಇನ್ನು ಅಂಕಗಳ ಲೆಕ್ಕಕ್ಕೆ ಬರೋಣ. ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ಭಾಷೆಯನ್ನುಳಿದ ವಿಷಯಗಳಿಗೆ ಬರವಣಿಗೆಯ ಪರೀಕ್ಷೆ 80 ಅಂಕ, ಶಾಲೆಯೇ ಕೊಡುವ ಆಂತರಿಕ ಅಂಕ 20. ಶಾಲೆ ಇಪ್ಪತ್ತಕ್ಕೆ ಇಪ್ಪತ್ತನ್ನೂ ಕೊಟ್ಟರೆ, ಮಗು ಮೂರು ಗಂಟೆ ಕುಳಿತು 80ಕ್ಕೆ 13 ಗಳಿಸಿದರೂ ಮೊತ್ತ 33 ಆಗುತ್ತದೆ. ವಾದವೆಲ್ಲ 35 ಸರಿಯೋ 33 ಸರಿಯೋ ಎಂಬುದರ ಮೇಲೆ ನಡೆಯಿತು. ಆ 20ರ ಸುದ್ದಿಯನ್ನು ಎತ್ತಿದವರು ಎಷ್ಟು ಮಂದಿ?

ನಾವು ಎತ್ತದಿರುವುದಕ್ಕೆ ಕಾರಣವಿದೆ, ಅದನ್ನು ಮುಚ್ಚಿಡಬಾರದು. ನಮ್ಮ ಸಂಸ್ಥೆಯ ಪ್ರೌಢಶಾಲೆಯ ಆಂತರಿಕ ಅಂಕಗಳ ವಹಿಯನ್ನು ತರಿಸಿ ನೋಡಿದೆವು. ಪುಟದ ಮೇಲಿನಿಂದ ಕೆಳಗಿನವರೆಗೆ 20, 19, 20, 20. ಜಾಣನಿಗೂ ಅದೇ, ವರ್ಷದಲ್ಲಿ ಅರ್ಧ ದಿನ ಬಾರದವನಿಗೂ ಅದೇ. ಕೇಳಿದರೆ ಮುಖ್ಯೋಪಾಧ್ಯಾಯರು, "ಫಲಿತಾಂಶ ಕಡಮೆಯಾದರೆ ತಾವೇ ಅಲ್ಲವೇ ಬುದ್ಧೀ ವಿಚಾರಿಸುವುದು" ಎಂದರು. ನಮ್ಮಲ್ಲಿ ಮಾತಿರಲಿಲ್ಲ. ವರ್ಷಾವಧಿ ಮಗುವನ್ನು ಹತ್ತಿರದಿಂದ ಕಂಡ ಗುರು ಅದರ ಕಲಿಕೆಯನ್ನು ತೂಗಿ ಹೇಳಲೆಂದು ಇಟ್ಟ ಅಂಕಗಳನ್ನು ನಾವು ಪ್ರಸಾದದಂತೆ ಹಂಚಿದ್ದೇವೆ. ದಾಸೋಹ ಅನ್ನದಲ್ಲಿರಲಿ, ಅಂಕದಲ್ಲಿ ಬೇಡ.

ಹಾಗೆಂದು ಮಿತಿಯನ್ನು ಏರಿಸಿ ಬಡವರ ಮಕ್ಕಳನ್ನು ಹೊರದೂಡಬೇಕೆನ್ನುವವರ ಪಕ್ಷ ನಮ್ಮದಲ್ಲ. ಒಂದು ವಿಷಯದಲ್ಲಿ ಅನುತ್ತೀರ್ಣಳಾದ ಹೆಣ್ಣುಮಗಳಿಗೆ ಹಳ್ಳಿಯಲ್ಲಿ ಮರುಪರೀಕ್ಷೆಗಿಂತ ಮೊದಲು ಮದುವೆ ಗೊತ್ತಾಗುವುದನ್ನು ಕಂಡವರು ನಾವು. ಆದರೆ ಅಂಕದ ಗೆರೆಯನ್ನು ಇಳಿಸಿದ ಮಾತ್ರಕ್ಕೆ ಅವಳಿಗೆ ಗಣಿತ ಬಂದೀತೆ? 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಕಣ್ಗಾವಲು ಬಿಗಿಯಾದೊಡನೆ ಫಲಿತಾಂಶ ಕುಸಿದು, ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಬೇಕಾಯಿತು. ಕೃಪೆ ಎಂಬ ಪದಕ್ಕೆ ಇಂಥ ಗತಿ ಬರಬಾರದಿತ್ತು.

ಸರ್ಕಾರವೂ ನಿರ್ದೋಷಿಯಲ್ಲ. ಕರಡು ನಿಯಮ ರಾಜ್ಯಪತ್ರದಲ್ಲಿ ವಕೀಲರ ಭಾಷೆಯಲ್ಲಿ ಅಚ್ಚಾಗುತ್ತದೆ. ಕೆಲವೇ ದಿನಗಳ ಗಡುವು. ಹೊಲಕ್ಕೆ ಹೋಗುವ ತಂದೆ ರಾಜ್ಯಪತ್ರವನ್ನು ಎಲ್ಲಿ ಕಾಣಬೇಕು? ಜನರನ್ನು ಕೇಳದೆ ಹೊರಟರೆ ಏನಾಗುತ್ತದೆಂಬುದನ್ನು ಐದು, ಎಂಟು, ಒಂಬತ್ತನೆಯ ತರಗತಿಗಳ ಪರೀಕ್ಷೆಯ ವ್ಯಾಜ್ಯದಲ್ಲಿ ಕಂಡೆವು. ಕರಡನ್ನು ಮೊದಲು ಪ್ರಕಟಿಸಿ ಆಕ್ಷೇಪಣೆ ಕೇಳಲಿಲ್ಲವೆಂಬುದು ಅಲ್ಲಿಯ ಮುಖ್ಯ ವಾದಗಳಲ್ಲೊಂದು. 2024ರ ಮಾರ್ಚಿಯಲ್ಲಿ ಪರೀಕ್ಷೆ ಆರಂಭವಾಗಿ, ನ್ಯಾಯಾಲಯದ ಆದೇಶದಿಂದ ನಿಂತು, ಮತ್ತೆ ನಡೆದು, ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ನೀಡಿತು. ಹತ್ತು ವರ್ಷದ ಮಕ್ಕಳು ಓದಿ, ಬರೆದು, ಕಾದು ಕುಳಿತರು.

ಅನುಭವಮಂಟಪದ ವಾರಸುದಾರರೆಂದು ವೇದಿಕೆಗಳಲ್ಲಿ ಹೇಳಿಕೊಳ್ಳುತ್ತೇವೆ. ಅಲ್ಲಿ ಕಾಯಕದವರು ಬಂದು ಕುಳಿತು ಮಾತನಾಡಿದರು. ಅವರ ಮಾತಿಗೆ ಉತ್ತರವೂ ದೊರೆಯುತ್ತಿತ್ತು. ಅಭಿಪ್ರಾಯ ಕೇಳಿದ ಸರ್ಕಾರ ಯಾವ ಸಲಹೆಯನ್ನು ಏಕೆ ಬಿಟ್ಟಿತೆಂದು ಕಾರಣಸಹಿತ ತಿಳಿಸುವವರೆಗೆ ಆ ಕೇಳುವಿಕೆ ಅರ್ಧ ಕೆಲಸ.

ಹಳೆಯ ವಿದ್ಯಾರ್ಥಿಗಳಲ್ಲಿ ನೂರಾರು ಮಂದಿ ಉಪಾಧ್ಯಾಯರಿದ್ದೀರಿ, ವಕೀಲರಿದ್ದೀರಿ. ಪಠ್ಯಕ್ಕಾಗಲಿ ಪರೀಕ್ಷೆಗಾಗಲಿ ಸಂಬಂಧಿಸಿದ ಮುಂದಿನ ಕರಡು ಹೊರಬಿದ್ದ ದಿನವೇ ನಿಮ್ಮಲ್ಲೊಬ್ಬರು ಅದನ್ನು ತಿಳಿಗನ್ನಡದಲ್ಲಿ ಬರೆದು ಮಠಕ್ಕೆ ಕಳುಹಿಸಿಕೊಡಿ. ಅಮಾವಾಸ್ಯೆಯ ದಾಸೋಹಕ್ಕೆ ಬರುವ ತಂದೆತಾಯಿಗಳಿಗೆ ಅದನ್ನು ಓದಿ ಹೇಳಿಸುತ್ತೇವೆ; ಅವರು ಹೇಳಿದ್ದನ್ನು ಬರೆದು, ರುಜು ಹಾಕಿಸಿ, ಗಡುವಿನೊಳಗೆ ಕಳುಹಿಸುತ್ತೇವೆ. ಪರವೋ ವಿರೋಧವೋ ಅವರವರ ವಿವೇಕ. ಆಂತರಿಕ ಅಂಕಗಳ ವಹಿಯನ್ನು ಈ ವರ್ಷದಿಂದ ಪ್ರತಿ ತಿಂಗಳೂ ನಾವೇ ನೋಡುವುದೆಂದು ಮುಖ್ಯೋಪಾಧ್ಯಾಯರಿಗೆ ತಿಳಿಸಿದ್ದೇವೆ; ಫಲಿತಾಂಶ ಕಡಮೆಯಾದರೆ ಅವರನ್ನು ವಿಚಾರಿಸುವುದಿಲ್ಲವೆಂದೂ ಬರೆದುಕೊಟ್ಟಿದ್ದೇವೆ.