ಸೀಮಂತದ ಎಲೆಯಲ್ಲಿ ಮಿತಿಯೂ ಇರಲಿ

ಕುರ್ಲಾ ಪರಿಸರದ ಕನ್ನಡಿಗರ ಮನೆಗಳಲ್ಲಿ ಸೀಮಂತವೆಂದರೆ ಇಂದಿಗೂ ಊರಿನ ಸಂಭ್ರಮವೇ. ‘ಇಬ್ಬರ ಊಟ ನೀನೊಬ್ಬಳೇ ಉಣ್ಣಬೇಕು’ ಎಂಬ ಹಿರಿಯರ ಒತ್ತಾಯ ಹಸಿವಿನ ಕಾಲದಲ್ಲಿ ಹುಟ್ಟಿದ ಮಮತೆ. ಗದ್ದೆಯಲ್ಲಿ ದುಡಿಯುತ್ತಿದ್ದ ಅಂದಿನ ಬಸುರಿಗೆ ಅದು ಹೊಂದುತ್ತಿತ್ತು. ಲಿಫ್ಟು, ರಿಕ್ಷಾ, ಕಛೇರಿಯ ಕುರ್ಚಿಗಳ ನಡುವೆ ಬದುಕುವ ಇಂದಿನ ಸೊಸೆಗೆ ಅದೇ ಅಳತೆ ಸಲ್ಲದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ನಗರಗಳಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ. 33ರಷ್ಟು ಮಂದಿಗೆ ತೂಕ ಅಧಿಕ. ಅಂದರೆ ಅನೇಕರು ಗರ್ಭ ಧರಿಸುವ ಮುನ್ನವೇ ಹೆಚ್ಚಿನ ಭಾರ ಹೊತ್ತಿರುತ್ತಾರೆ. ಸಾಮಾನ್ಯ ತೂಕದವರಿಗೆ 11.5ರಿಂದ 16 ಕಿಲೋ, ಅಧಿಕ ತೂಕದವರಿಗೆ 7ರಿಂದ 11.5 ಕಿಲೋ ಏರಿಕೆ ಸಾಕೆಂದು ಅಮೆರಿಕದ ತಜ್ಞರು 2009ರಲ್ಲಿ ಸೂಚಿಸಿದ್ದಾರೆ. ಅದನ್ನು ಮೀರಿದರೆ ರಕ್ತದೊತ್ತಡ, ಗರ್ಭಕಾಲದ ಮಧುಮೇಹ, ಅತಿತೂಕದ ಶಿಶು, ಸಿಸೇರಿಯನ್ ಹೆರಿಗೆಯ ಸಾಧ್ಯತೆ ಹೆಚ್ಚುತ್ತದೆ. ಏರಿದ ತೂಕ ಬಾಣಂತನದ ನಂತರವೂ ಇಳಿಯದೆ ಉಳಿಯಬಹುದು.

ಹಾಗೆಂದು ಬಸುರಿಯು ಉಪವಾಸ ಮಾಡಬಾರದು. ದಿನಕ್ಕೆ ಹೆಚ್ಚುವರಿಯಾಗಿ ಬೇಕಾಗುವುದು ಸುಮಾರು 350 ಕ್ಯಾಲೊರಿ. ಎರಡು ಚಪಾತಿ, ಒಂದು ಲೋಟ ಹಾಲಿನಷ್ಟು. ವೈದ್ಯರ ಮೊದಲ ಭೇಟಿಯಲ್ಲಿಯೂ, ಪುನಃ 24ರಿಂದ 28ನೇ ವಾರದೊಳಗೂ ಸಕ್ಕರೆಯ ಪರೀಕ್ಷೆ ಆಗಲೇಬೇಕು. ಬಡಿಸುವ ಕೈ ಮನೆಯವರದು. ಆದುದರಿಂದ ತೂಕದ ಹೊಣೆಯನ್ನು ಬಸುರಿಯೊಬ್ಬಳ ಮೇಲೆ ಹೊರಿಸದೆ ನಾವೆಲ್ಲರೂ ಹಂಚಿಕೊಳ್ಳೋಣ.